ಭಾನುವಾರದ ಸೈಕಲ್ಲು, ಬಾಯ್ತುಂಬ ಹರಟೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಮೂರು ಊರಿನ ಐದು ಸೈಕಲ್ಲುಗಳು ಒಂದು ಕ್ರಾಸಿನಲ್ಲಿ ಸೇರಿದರೆ ಏನಾಗುತ್ತೆ? ಟೀ ಆಗುತ್ತೆ, ತಟ್ಟೆ ಇಡ್ಲಿ ಆಗುತ್ತೆ, ಜಗಳ ಆಗುತ್ತೆ. ಒಂದು ಸಲ ನನ್ನಿಂದ ಒಂದು ತಪ್ಪೂ ಆಯಿತು.

“ಲೇ ಸಾಫ್ಟು, ಆ ಸೀಟು ಎಷ್ಟು ಕೊಟ್ಟು ತಗೊಂಡೆ?”

“ಎರಡು ಸಾವಿರದ ಎಂಟುನೂರು.”

“ಅಷ್ಟು ದುಡ್ಡು ಕೊಟ್ಟು ಸ್ಪಂಜೇ ಇಲ್ಲದ ಸೀಟು ತಂದಿದೀಯಲ್ಲಪ್ಪ! ನಮ್ಮ ತಾತನ ಎತ್ತಿನಗಾಡಿ ಇದಕ್ಕಿಂತ ಮೆತ್ತಗಿತ್ತು.”

ಭಾನುವಾರ ಬೆಳಗ್ಗೆ ಆರೂವರೆ. ಕಿಬ್ಬನಹಳ್ಳಿ ಕ್ರಾಸ್‌ನ ಟೀ ಅಂಗಡಿ ಮುಂದೆ ನಮ್ಮ ವಾರ ಶುರುವಾಗೋದು ಹೀಗೆ. ಕೆ.ಬಿ. ಕ್ರಾಸ್ ಅಂದರೆ ಈ ಕಡೆಯವರಿಗೆಲ್ಲ ಗೊತ್ತು. ಬೆಂಗಳೂರು–ಹೊನ್ನಾವರ ರಸ್ತೆ, ಅಂದರೆ ನಮ್ಮ ಬಿ.ಎಚ್. ರೋಡನ್ನು ಜೇವರ್ಗಿ–ಚಾಮರಾಜನಗರ ಹೆದ್ದಾರಿ ಅಡ್ಡ ಹಾಯುವ ಜಾಗ. ಪಶ್ಚಿಮಕ್ಕೆ ಹೋದರೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ಮೂರೂ ಕಡೆಯಿಂದ ಸೈಕಲ್ಲಿನಲ್ಲಿ ಬರೋರಿಗೆ ಇದಕ್ಕಿಂತ ನ್ಯಾಯವಾದ ಜಾಗ ಇನ್ನೊಂದಿಲ್ಲ. “ನಿಮ್ಮೂರು ಹತ್ತಿರ, ನಮ್ಮೂರು ದೂರ” ಅನ್ನೋ ತಕರಾರು ಮಾತ್ರ ನಾಲ್ಕು ವರ್ಷವಾದರೂ ಮುಗಿದಿಲ್ಲ.

ಕೆಲಸವೇ ಹೆಸರು

ನಮ್ಮಲ್ಲಿ ಯಾರೂ ಯಾರನ್ನೂ ಹೆಸರಿಟ್ಟು ಕರೆಯಲ್ಲ. ನಾನು ಬೆಂಗಳೂರಿನ ಕಂಪನಿಗೆ ತಿಪಟೂರಿನ ಮನೆಯಿಂದಲೇ ಕೆಲಸ ಮಾಡೋನು. ವಾರಕ್ಕೆರಡು ದಿನ ರೈಲು ಹತ್ತಿ ಆಫೀಸಿಗೆ ಮುಖ ತೋರಿಸಿ ಬರ್ತೀನಿ. ಹಾಗಾಗಿ ‘ಸಾಫ್ಟು’. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು ‘ಮೇಷ್ಟ್ರು’. ತುರುವೇಕೆರೆಯಿಂದ ಬರೋರು ಬ್ಯಾಂಕಿನ ಅಧಿಕಾರಿ, ನಮಗೆಲ್ಲ ‘ಬ್ಯಾಂಕಕ್ಕ’. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ವಿದ್ಯುತ್ ಇಲಾಖೆಯಲ್ಲಿ ಪವರ್‌ಮ್ಯಾನ್, ಅವನು ‘ಪವರು’. ಐದನೆಯವರು ನೊಣವಿನಕೆರೆ ಕಡೆಯ ತೋಟದವರು, ನನಗಿಂತ ಐದು ವರ್ಷ ದೊಡ್ಡವರು. ‘ಕೊಬ್ಬರಿ ಅಣ್ಣ’.

ಲಾಕ್‌ಡೌನ್ ಮುಗಿದ ಮೇಲೆ ಎಲ್ಲರಿಗೂ ಸೈಕಲ್ ಹುಚ್ಚು ಹಿಡಿಯಿತಲ್ಲ, ಆಗ ಗಂಟುಬಿದ್ದವರು ನಾವು. ಬಹಳ ಜನರ ಸೈಕಲ್ಲು ಆರು ತಿಂಗಳಿಗೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಯಿತು. ನಮ್ಮದು ಆಗಲಿಲ್ಲ. ಕಾರಣ ಫಿಟ್‌ನೆಸ್ ಅಂತ ಹೇಳಿದರೆ ಸುಳ್ಳಾಗುತ್ತೆ. ಕಾರಣ ಹರಟೆ.

ಹಾಸ್ಯನಟ ನರಸಿಂಹರಾಜು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿ. “ಅದಕ್ಕೇ ಗೇಲಿ ನಮ್ಮ ನೀರಲ್ಲೇ ಇದೆ” ಅನ್ನೋದು ಮೇಷ್ಟ್ರ ವಾದ. ಪವರು ಬಿಡ್ತಾನಾ? “‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀ. ನಮ್ಮ ತಾಲ್ಲೂಕಿನ ತೀರ್ಥಪುರದೋರು ಸಾರ್. ನಾವು ಗೇಲಿಯನ್ನೂ ಶಾಸ್ತ್ರಬದ್ಧವಾಗಿ ಮಾಡ್ತೀವಿ.” ಬ್ಯಾಂಕಕ್ಕ ಟೀ ಲೋಟ ಇಳಿಸಿ, “ನಮ್ಮೂರಲ್ಲಿ ಹೊಯ್ಸಳರ ಕಾಲದ ದೇವಸ್ಥಾನಗಳಿವೆ. ನಾವು ಬಾಯೇ ಬಿಡಬೇಕಾಗಿಲ್ಲ” ಅಂತಾರೆ. ಅಲ್ಲಿಗೆ ಸ್ಕೋರು ಸಮ.

ಚೈನಿಗೆ ಕೊಬ್ಬರಿ ಎಣ್ಣೆ

ಕಲ್ಪತರು ನಾಡಿನಲ್ಲಿ ಸೈಕಲ್ ತುಳಿಯೋರಿಗೆ ಬೇರೆ ಊರಿನವರಿಗೆ ಇಲ್ಲದ ಸಮಸ್ಯೆಗಳಿವೆ. ಮರದ ಕೆಳಗೆ ಸೈಕಲ್ ನಿಲ್ಲಿಸಂಗಿಲ್ಲ. ಕಾಯಿ ಬೀಳದಿದ್ದರೆ ಗರಿ ಬೀಳುತ್ತೆ. ಬೇಲಿ ಪಕ್ಕದ ಜಾಲಿಮುಳ್ಳು ಟೈರಿಗೆ ಹೊಕ್ಕರೆ ಎಷ್ಟು ದುಬಾರಿ ಟ್ಯೂಬಾದರೂ ಒಂದೇ, ಉಸ್ ಅನ್ನುತ್ತೆ. ಎಳನೀರಿನ ಬುರುಡೆ ಹರಡಿದ ತಿರುವುಗಳಲ್ಲಿ ಬ್ರೇಕ್ ಹಿಡಿದರೆ ದೇವರೇ ಕಾಯಬೇಕು.

ಒಂದು ಡಿಸೆಂಬರ್ ಬೆಳಗ್ಗೆ ಪವರಿನ ಸೈಕಲ್ ಚೈನು ಕಿರ್ರೋ ಅಂತಿತ್ತು. ಮೇಷ್ಟ್ರು ಬಗ್ಗಿ ನೋಡಿ, “ಏನಪ್ಪಾ ಇದು ಬೆಳ್ಳಗೆ? ಬೆಣ್ಣೆ ಹಚ್ಚಿದೀಯಾ?” ಅಂದರು.

“ಕೊಬ್ಬರಿ ಎಣ್ಣೆ ಸಾರ್. ಮನೆಯಲ್ಲಿ ಲೀಟರ್‌ಗಟ್ಟಲೆ ಇದೆ. ಇನ್ನೂರೈವತ್ತು ರೂಪಾಯಿ ಕೊಟ್ಟು ಅಷ್ಟುದ್ದದ ಡಬ್ಬಿ ಯಾಕೆ ತರಬೇಕು?”

ಅಲ್ಲೇ ರಸ್ತೆ ಪಕ್ಕ ಪಾಠ ಶುರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಚಳಿಗಾಲದ ನಮ್ಮ ಬೆಳಗ್ಗೆಗಳಲ್ಲಿ ಅದು ಎಣ್ಣೆಯಲ್ಲ, ಮೇಣ. ಬಿಸಿಲೇರಿದ ಮೇಲೆ ಕರಗುತ್ತೆ, ಧೂಳು ಹಿಡಿಯುತ್ತೆ, ಮಣ್ಣು ಕೂತು ಚೈನನ್ನು ಮರಳು ಕಾಗದದ ಥರ ತಿನ್ನುತ್ತೆ. “ತಲೆಗೆ ಹಚ್ಚು, ಚೈನಿಗೆ ಬೇಡ” ಅಂತ ಮುಗಿಸಿದರು. ಕೊಬ್ಬರಿ ಅಣ್ಣ ನಿಧಾನಕ್ಕೆ, “ನಮ್ಮ ಕೊಬ್ಬರಿ ಎಣ್ಣೆಗಲ್ಲ ಮೇಷ್ಟ್ರೇ. ತಿಪಟೂರು ಉಂಡೆ ಕೊಬ್ಬರಿ ಅಂದ್ರೆ ಉತ್ತರ ಭಾರತದೋರು ದ್ರಾಕ್ಷಿ ಗೋಡಂಬಿ ಜೊತೆ ಇಟ್ಕೊಂಡು ತಿನ್ನೋದು. ನೀವು ಎಣ್ಣೆ ಗಾಣಕ್ಕೆ ಹಾಕ್ತಿದೀರ” ಅಂದರು. ಅವರು ಮಾತಾಡೋದೇ ಕಮ್ಮಿ. ಆಡಿದರೆ ಹೀಗೆ.

ಇನ್ನೊಂದು ಸಲ ಮೇಷ್ಟ್ರು 200 ಕಿ.ಮೀ. ಬ್ರೆವೆ ಮುಗಿಸಿ ಬಂದಿದ್ದರು. ಬ್ರೆವೆ ಅಂದರೆ ರೇಸ್ ಅಲ್ಲ. ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ, ಯಾರ ಸಹಾಯವೂ ಇಲ್ಲದೆ ತುಳಿದು ಮುಗಿಸೋದು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಮುಗಿಸಿದ್ದನ್ನು ಪ್ಯಾರಿಸ್‌ನ ಕ್ಲಬ್ ದಾಖಲು ಮಾಡಿಕೊಳ್ಳುತ್ತೆ.

ಬ್ಯಾಂಕಕ್ಕ ಎಲ್ಲ ಕೇಳಿ ಹೇಳಿದ್ದು: “ನಾನೂ ತುಳೀತೀನಿ ಮೇಷ್ಟ್ರೇ. ಆದ್ರೆ ಭಾನುವಾರ 13 ಗಂಟೆ ಮನೆಯಿಂದ ಹೊರಗಿರೋಕೆ ನಮ್ಮತ್ತೆ ಸರ್ಟಿಫಿಕೇಟ್ ಕೊಡಬೇಕು. ಪ್ಯಾರಿಸ್‌ದು ಆಮೇಲೆ.” ಎಲ್ಲರೂ ನಕ್ಕೆವು. ಅವರೂ ನಕ್ಕರು. ಆದರೆ ಆ ಮಾತು ಪೂರ್ತಿ ಜೋಕಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಮುಖ ನೋಡದೆ ಆಡುವ ಮಾತು

ಅದೇ ಬ್ಯಾಂಕಕ್ಕ ಒಂದು ದಿನ ಹೇಮಾವತಿ ನಾಲೆ ಏರಿ ಮೇಲೆ ನನ್ನ ಪಕ್ಕ ತುಳಿಯುತ್ತಾ ಹೇಳಿದ ಕಥೆ ಇದು. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತಲ್ಲ, ಅವರು ಅದರ ಮೊದಲ ಬ್ಯಾಚುಗಳಲ್ಲಿ ಒಬ್ಬರು. ಹೈಸ್ಕೂಲು ಊರಿಂದ ನಾಲ್ಕು ಕಿಲೋಮೀಟರ್. ಸೈಕಲ್ ಬರದಿದ್ದರೆ ಏಳಕ್ಕೇ ಓದು ನಿಲ್ಲಿಸೋದು ಅಂತ ಮನೆಯಲ್ಲಿ ಮಾತಾಗಿತ್ತಂತೆ. “ಆ ಸೈಕಲ್ಲಿಗೆ ಬೆಲ್ಲೂ ಸರಿಯಾಗಿರಲಿಲ್ಲ ಕಣೋ. ನಾನು ಬಾಯಲ್ಲೇ ಟ್ರಿಣ್ ಟ್ರಿಣ್ ಅಂತಿದ್ದೆ” ಅಂದರು. ಈಗ ಸಾಲ ಕೊಡುವ ಕುರ್ಚಿಯಲ್ಲಿ ಕೂತಿದ್ದಾರೆ.

ಇಂಥ ಮಾತು ಟೀ ಅಂಗಡಿಯಲ್ಲಿ ಎದುರುಬದುರು ಕೂತಾಗ ಬರಲ್ಲ. ಪಕ್ಕಪಕ್ಕ ತುಳಿಯುವಾಗ ಇಬ್ಬರ ಕಣ್ಣೂ ರಸ್ತೆ ಮೇಲಿರುತ್ತೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಲ್ಲ. ಮಾತು ಕಷ್ಟವಾದರೆ ಏರು ಬಂತು ಅಂತ ನಿಲ್ಲಿಸಬಹುದು. ಏರು ಮುಗಿದ ಮೇಲೆ ಮುಂದುವರಿಸಲೂಬಹುದು, ಬಿಡಲೂಬಹುದು. ಕೇಳಿದವನು ಉತ್ತರ ಕೊಡಲೇಬೇಕು ಅಂತಿಲ್ಲ. “ಹ್ಞೂಂ” ಅಂದರೆ ಸಾಕು.

ಮಳೆಯಲ್ಲಿ ಕಂಬ ಹತ್ತುವಾಗ ಪ್ರತಿ ಸಲ ಅಮ್ಮನ ನೆನಪಾಗುತ್ತೆ ಅಂತ ಪವರು ಹೇಳಿದ್ದು ಹೀಗೇ. ಆಫೀಸಿನಿಂದ ‘ವಾರಕ್ಕೆ ಐದು ದಿನ ಬರಬೇಕಾಗಬಹುದು’ ಅಂತ ಬಂದ ಮೇಲ್ ಬಗ್ಗೆ ನಾನು ಅಪ್ಪ–ಅಮ್ಮನಿಗಿಂತ ಮೊದಲು ಹೇಳಿದ್ದು ಮೇಷ್ಟ್ರ ಹಿಂದಿನ ಚಕ್ರಕ್ಕೆ. ಇಷ್ಟೆಲ್ಲ ಬಿಚ್ಚಿ ಮಾತಾಡುವ ಗುಂಪು ನಮ್ಮದು ಅಂತ ನನಗೆ ಹೆಮ್ಮೆ ಇತ್ತು. ಆ ಹೆಮ್ಮೆಗೆ ಪಂಕ್ಚರ್ ಆಗಿದ್ದು 2023ರ ಕೊನೆಯಲ್ಲಿ.

ಆ ಮೆಸೇಜು

ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ರಾತ್ರಿ ಸುಮ್ಮನೆ ಸೈಕಲ್ ನೋಡೋದು ನನ್ನ ಚಟ. ಒಂದು ರಾತ್ರಿ ಕೆಂಪು ಬಣ್ಣದ ಗೇರ್ ಸೈಕಲ್ ಕಾಣಿಸಿತು. ಕೊಬ್ಬರಿ ಅಣ್ಣ 2021ರಲ್ಲಿ 32 ಸಾವಿರ ಕೊಟ್ಟು ತಂದ ಮಾಡೆಲ್ಲೇ, ಅದೇ ಬಣ್ಣ. ಬೆಲೆ 16 ಸಾವಿರ. ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಗ್ರೂಪಿಗೆ ಹಾಕಿದೆ:

“ಕೊಬ್ಬರಿ ಅಣ್ಣನ ಸೈಕಲ್ಲಿಗೆ ಕಳೆದುಹೋದ ತಮ್ಮ ಸಿಕ್ಕಿದ್ದಾನೆ! ಯಾರೋ ಶೋಕಿಗೆ ತಗೊಂಡು ಸುಸ್ತಾಗಿ ಮಾರ್ತಿದಾರೆ. ಅರ್ಧ ರೇಟು!”

ಪವರು ನಗುವ ಮುಖ ಹಾಕಿದ. ಕೊಬ್ಬರಿ ಅಣ್ಣ ಒಂದು ಹೆಬ್ಬೆಟ್ಟು ಹಾಕಿದರು. ಅಷ್ಟೇ.

ಮಲಗುವ ಮುಂಚೆ ಯಾಕೋ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಟಲಿ ಇಡುವ ಸ್ಟ್ಯಾಂಡಿಗೆ ಒಂದು ಸ್ಕ್ರೂ ಇರಲಿಲ್ಲ. ಅದರ ಬದಲು ತೆಂಗಿನ ನಾರಿನ ಹಗ್ಗ ಸುತ್ತಿ ಗಂಟು ಹಾಕಿತ್ತು. ಆ ಗಂಟು ಹಾಕುವಾಗ ಬಾಟಲಿ ಹಿಡಿದುಕೊಂಡಿದ್ದವನು ನಾನೇ.

ಮೆಸೇಜ್ ಅಳಿಸಿದೆ. ಅಳಿಸಿದ ಮೇಲೆ ‘ಈ ಮೆಸೇಜನ್ನು ಅಳಿಸಲಾಗಿದೆ’ ಅಂತ ಅಲ್ಲೇ ಉಳಿಯುತ್ತಲ್ಲ, ಅದು ಮೆಸೇಜಿಗಿಂತ ಕೆಟ್ಟದಾಗಿ ಕಾಣಿಸಿತು.

ಆ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದೆ. “ಅಣ್ಣ, ಹುಷಾರಾಗಿದೀರಾ?” “ತೋಟದಲ್ಲಿ ಕೆಲಸ ಕಣಪ್ಪ. ನೀವು ನಡೀರಿ.” ನಾನು ಕೇಳಬೇಕಾದ್ದನ್ನು ಕೇಳಲಿಲ್ಲ. ಅವರು ಹೇಳಬೇಕಾದ್ದನ್ನು ಹೇಳಲಿಲ್ಲ. ಮೂರನೇ ವಾರವೂ ಕ್ರಾಸಿನಲ್ಲಿ ನಾಲ್ಕೇ ಟೀ. ಅಂಗಡಿ ಅಮ್ಮ, “ಇನ್ನೊಬ್ರು ಎಲ್ಲಿ?” ಅಂದರೆ ನಾಲ್ವರೂ ಸೈಕಲ್ ಟೈರು ಒತ್ತಿ ನೋಡುತ್ತಿದ್ದೆವು.

ಗೇರ್ ಎಷ್ಟು?

ನಾಲ್ಕನೇ ಭಾನುವಾರ ಮೇಷ್ಟ್ರು ಕ್ರಾಸಿಗೆ ತಡವಾಗಿ ಬಂದರು. ಬಂದಿದ್ದು ಒಬ್ಬರೇ ಅಲ್ಲ. ಬೆಳಗ್ಗೆ ಐದೂವರೆಗೇ ಕೊಬ್ಬರಿ ಅಣ್ಣನ ತೋಟಕ್ಕೆ ಹೋಗಿ, “ಎಳನೀರು ಕುಡಿಯೋಣ ಅಂತ ಬಂದೆ” ಅಂತ ಕೂತಿದ್ದರಂತೆ. ಏನೂ ಕೇಳಿಲ್ಲ. ಎಳನೀರು ಕುಡಿದು, “ನಡೀರಿ, ಗಾಳಿ ಏಳೋದ್ರೊಳಗೆ ಹೋಗೋಣ” ಅಂದರಂತೆ.

ಕೊಬ್ಬರಿ ಅಣ್ಣ ಬಂದಿದ್ದು ಅವರಪ್ಪನ ಹಳೇ ಅಟ್ಲಾಸ್ ಮೇಲೆ. ಕರಿ ಬಣ್ಣ, ರಾಡ್ ಬ್ರೇಕು, ಸ್ಪ್ರಿಂಗ್ ಸೀಟು, ಗಟ್ಟಿ ಕ್ಯಾರಿಯರ್. ಇಳಿದು ಸ್ಟ್ಯಾಂಡ್ ಹಾಕಿದಾಗ ಧಡ್ ಅಂತ ಶಬ್ದ. ಯಾರೂ ಮಾತಾಡಲಿಲ್ಲ. ಲಾರಿಯೊಂದು ಹಾರ್ನ್ ಹಾಕಿಕೊಂಡು ಹೋಯಿತು. ಕೊನೆಗೆ ಪವರೇ ಹತ್ತಿರ ಹೋಗಿ, ಶೋರೂಮಿನವನ ಥರ ಸುತ್ತಲೂ ನೋಡಿ, “ಅಣ್ಣ, ಇದಕ್ಕೆ ಗೇರ್ ಎಷ್ಟು?” ಅಂದ.

“ಎರಡು. ಒಂದು ಕೂತ್ಕೊಂಡು ತುಳಿಯೋದು, ಇನ್ನೊಂದು ಇಳಿದು ತಳ್ಳೋದು.”

ಟೀ ಅಂಗಡಿ ಅಮ್ಮನೂ ನಕ್ಕಳು. ಐದು ಟೀ ಬಂತು.

ಅವತ್ತು ಅರಳಗುಪ್ಪೆಗೆ ಹೋದೆವು. ಅಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿ ಇದೆ, ಅದಕ್ಕಿಂತ ಹಳೆಯದಾದ, 9ನೇ ಶತಮಾನದ ಕಲ್ಲೇಶ್ವರ ಗುಡಿಯೂ ಇದೆ. ಕಲ್ಲೇಶ್ವರದ ಮಂಟಪದ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ನೋಡಬೇಕಾದರೆ ಕತ್ತು ಪೂರ್ತಿ ಮೇಲೆತ್ತಬೇಕು. ಐದೂ ಜನ ಕತ್ತೆತ್ತಿ ನಿಂತಿದ್ದಾಗ, ಅಂದರೆ ಯಾರೂ ಯಾರ ಮುಖವನ್ನೂ ನೋಡದೆ ಇದ್ದಾಗ, ಕೊಬ್ಬರಿ ಅಣ್ಣ ಹೇಳಿದರು: “ಸಾಫ್ಟು, ಅದು ತಮ್ಮ ಅಲ್ಲ ಕಣಪ್ಪ. ಅವನೇ.”

“ಗೊತ್ತು ಅಣ್ಣ” ಅಂದೆ. ಕತ್ತು ಇಳಿಸೋಕೆ ಧೈರ್ಯ ಬರಲಿಲ್ಲ.

ಅಟ್ಟದ ಲೆಕ್ಕ

ಆಮೇಲೆ ಗುಡಿಯ ಜಗುಲಿ ಮೇಲೆ ಕೂತು ಅವರು ಲೆಕ್ಕ ಬಿಡಿಸಿದರು. 2023ರ ಬರ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಅವರ ಬೋರ್‌ವೆಲ್ ನೀರು ಕೆಳಗಿಳಿದು, ಮೋಟಾರ್ ಸುಟ್ಟುಹೋಗಿತ್ತು. ತಕ್ಷಣ ದುಡ್ಡು ಬೇಕು. ಮನೆಯಲ್ಲಿ ದುಡ್ಡಾಗುವ ವಸ್ತು ಎರಡೇ: ಅಟ್ಟದ ಮೇಲಿನ ಕೊಬ್ಬರಿ, ಹಜಾರದಲ್ಲಿದ್ದ ಸೈಕಲ್ಲು.

ಉಂಡೆ ಕೊಬ್ಬರಿ ಒಂದು ದಿನದ ಬೆಳೆಯಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಸುಮಾರು ಒಂದು ವರ್ಷ. ಕಿತ್ತ ಕಾಯಿಯನ್ನು ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ತಾನಾಗಿ ಆರಿ, ಅಲ್ಲಾಡಿಸಿದರೆ ಲೊಟಲೊಟ ಅನ್ನೋಕೆ ಇನ್ನೂ ಹತ್ತು–ಹನ್ನೊಂದು ತಿಂಗಳು. ಆಮೇಲೆ ಸಿಪ್ಪೆ ಸುಲಿಯಬೇಕು, ಚಿಪ್ಪು ಒಡೆಯಬೇಕು, ಗಿಟುಕು ಬಿರುಕು ಬಿಡದಂತೆ ತೆಗೆಯಬೇಕು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೆ, ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು.

“ಎರಡು ವರ್ಷ ಕಾದು ಮಾಡಿದ ಮಾಲನ್ನ ಎಂಟು ಸಾವಿರಕ್ಕೆ ಯಾಕೆ ಕೊಡ್ಲಿ? ಕೊಬ್ಬರಿ ಕಾಯುತ್ತೆ. ಸೈಕಲ್ ಕಾಯಲ್ಲ, ದಿನಾ ರೇಟು ಇಳಿಯುತ್ತೆ. ಸೈಕಲ್ ಮಾರಿ ಮೋಟಾರ್ ಕಟ್ಟಿಸಿದೆ. ಕಾಯಿ ಅಟ್ಟದಲ್ಲೇ ಬಿಟ್ಟೆ” ಅಂದರು.

ಬ್ಯಾಂಕಕ್ಕ, “ಸರಿಯಾದ ಲೆಕ್ಕ ಅಣ್ಣ. ನಮ್ಮ ಬ್ರಾಂಚಲ್ಲಿ ಕೂತೋರೂ ಇಷ್ಟು ನೇರ ಯೋಚಿಸಲ್ಲ” ಅಂದರು. ಲೆಕ್ಕ ಸರಿಯಾಗೇ ಬಂತು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯದ ಪ್ರೋತ್ಸಾಹಧನ 1,500 ಸೇರಿತು. ನೋಂದಣಿಗೆ ರಾತ್ರಿಯಿಡೀ ಸರದಿಯಲ್ಲಿ ಕೂತಿದ್ದರು. ಆ ರಾತ್ರಿ ಅವರಿಗೆ ಜೊತೆ ಕೊಟ್ಟು ಕೂತಿದ್ದು ಪವರು, ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು.

ಆದರೆ ಗುಡಿ ಜಗುಲಿ ಮೇಲೆ ಅವರು ಹೇಳಿದ ಕೊನೆಯ ಮಾತು ಲೆಕ್ಕದ್ದಲ್ಲ. “ಸೈಕಲ್ ಮಾರಿದ್ದಕ್ಕೆ ಬೇಜಾರಿಲ್ಲ. ಮಾರಿದೆ ಅಂತ ಹೇಳೋಕೆ ಆಗಲಿಲ್ಲ, ಅದಕ್ಕೆ ಬೇಜಾರು. ನಮ್ಮಲ್ಲಿ ಎಲ್ಲಾ ಮಾತಿಗೂ ಜಾಗ ಇದೆ. ದುಡ್ಡಿಲ್ಲ ಅನ್ನೋ ಮಾತಿಗೆ ಇಲ್ಲ ಅನ್ನಿಸ್ತು.”

ನಾನು ಯೋಚಿಸಿದೆ. ಅವರು ಹೇಳಿದ್ದು ನಿಜ. ನಾಲ್ಕು ಟೀ ಕುಡಿಯುವಷ್ಟು ಹೊತ್ತು ನನ್ನ ಸೀಟು, ಹೆಲ್ಮೆಟ್ಟು, ಬೆಂಗಳೂರಿನಿಂದ ತರಿಸಿದ ಟೈರು, ಅದರ ರೇಟು. ಪ್ರತಿ ವಾರ ನಮ್ಮ ಗೇಲಿಯ ಅರ್ಧ ಭಾಗ ‘ಎಷ್ಟಕ್ಕೆ ತಗೊಂಡೆ’ ಅನ್ನೋದೇ. ಸಂಬಳ ತಿಂಗಳ ಕೊನೆಗೆ ಬರುವ ನಾಲ್ವರಿಗೆ ಅದು ತಮಾಷೆ. ವರ್ಷಕ್ಕೊಂದು ಸಲ ಬರುವವರಿಗೆ, ಬರುತ್ತೋ ಇಲ್ಲವೋ ಗೊತ್ತಿಲ್ಲದವರಿಗೆ, ಅದು ಬೇರೆ ಥರ ಕೇಳಿಸುತ್ತೆ. ‘ಶೋಕಿಗೆ ತಗೊಂಡು ಸುಸ್ತಾಗಿ ಮಾರ್ತಿದಾರೆ’ ಅಂತ ಬರೆದವನಿಗೆ ಇದು ಹೊಳೆಯೋಕೆ ಮೂರು ಭಾನುವಾರ ಬೇಕಾಯಿತು.

“ತಪ್ಪಾಯ್ತು ಅಣ್ಣ” ಅಂದೆ.

“ತಪ್ಪು ದೊಡ್ಡದಲ್ಲ ಬಿಡು. ಆದ್ರೆ 16 ಸಾವಿರ ಅರ್ಧ ರೇಟು ಅಂದ್ಯಲ್ಲ, ಅವನು ಚೌಕಾಸಿ ಮಾಡಿ 14ಕ್ಕೆ ತಗೊಂಡು ಹೋದ. ನಿನ್ನ ಬಾಯಿ!”

ಕರಿ ಕುದುರೆಯ ರಿಪೇರಿ

ದುಡ್ಡು ಸೇರಿಸಿ ಅವರಿಗೊಂದು ಗೇರ್ ಸೈಕಲ್ ಕೊಡಿಸೋಣ ಅಂತ ನಾನು ಹೊರಟೆ. ಮೇಷ್ಟ್ರು ತಡೆದರು. “ಕೊಡೋಕೆ ಮುಂಚೆ ಕೇಳು.” ಕೇಳಿದೆ. “ಬೇಡಪ್ಪ. ಈ ಕ್ಯಾರಿಯರ್ ಮೇಲೆ ಕೂತು ಇಸ್ಕೂಲಿಗೆ ಹೋದೋನು ನಾನು. ಇದನ್ನೇ ಸರಿ ಮಾಡಿಸಿ ಕೊಡು” ಅಂದರು.

ತಿಪಟೂರಿನಲ್ಲಿ ಇನ್ನೂ ಉಳಿದಿರುವ ಹಳೇ ಸೈಕಲ್ ಶಾಪೊಂದಕ್ಕೆ ಒಯ್ದೆವು. ಯಜಮಾನರು ಪೆಡಲ್ ಒಂದು ಸುತ್ತು ತಿರುಗಿಸಿ, ಕಿವಿ ಕೊಟ್ಟು ಕೇಳಿ, “ಬಾಲ್ಸ್ ಹೋಗವೆ, ಕಾಟರ್ ಪಿನ್ ಸವೆದೈತೆ, ಮಿಕ್ಕಿದ್ದು ಇನ್ನೂ ಮೂವತ್ತು ವರ್ಷ ಬರ್ತದೆ” ಅಂದರು. ಎರಡು ಗಂಟೆ ಕೆಲಸ. ಎಲ್ಲ ಸಾಮಾನೂ ಅವರ ಡಬ್ಬಿಗಳಲ್ಲೇ ಇತ್ತು. ಅದೇ ತಿಂಗಳು ನನ್ನ ಸೈಕಲ್ಲಿನ ಹಿಂದಿನ ಗೇರ್ ಹಿಡಿಯುವ ಬೆರಳುದ್ದದ ಒಂದು ತುಂಡು ಮುರಿದಿತ್ತು. ಅದು ಬೆಂಗಳೂರಿನಿಂದ ಬರೋಕೆ ಹನ್ನೆರಡು ದಿನ ಹಿಡಿಯಿತು. ಯಜಮಾನರು ನನ್ನ ಸೈಕಲ್ ನೋಡಿ ಹೇಳಿದ್ದು ಒಂದೇ ಮಾತು: “ಚೆನ್ನಾಗೈತೆ. ಪಾಪ.”

ಅಟ್ಲಾಸ್ ಕಂಪನಿ 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಶುರುವಾಗಿದ್ದು. ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ಇದನ್ನು ಹೇಳಿದಾಗ ಕೊಬ್ಬರಿ ಅಣ್ಣ ಸೀಟು ತಟ್ಟಿ, “ಇದಕ್ಕೆ ಹೇಳ್ಬೇಡ, ಕೇಳಿಸ್ಕೊಂಡೀತು” ಅಂದರು.

ನಮ್ಮ ಕಡೆ ಸೈಕಲ್ ತರೋದಾದರೆ

ಬೆಂಗಳೂರಿನ ಗೆಳೆಯರು ಕೇಳ್ತಿರ್ತಾರೆ, ಅದಕ್ಕೇ ನಾಲ್ಕು ಮಾತು.

• ಹೆದ್ದಾರಿಯಲ್ಲಿ ಸಾಲಾಗಿ, ಒಬ್ಬರ ಹಿಂದೆ ಒಬ್ಬರು. ಪಕ್ಕಪಕ್ಕದ ಹರಟೆಗೆ ಹಳ್ಳಿ ರಸ್ತೆ, ನಾಲೆ ಏರಿ ಇವೆ. ನಾಲೆಯ ಅಂಚಿನಿಂದ ಮಾತ್ರ ದೂರ ಇರಿ.

• ಬೆಳಕು ಹರಿಯುವ ಮುಂಚೆ ಹೊರಟರೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇರಲೇಬೇಕು. ಕಾಯಿ ತುಂಬಿದ ಟ್ರ್ಯಾಕ್ಟರಿನವರಿಗೆ ನೀವು ಕಾಣೋದು ಅದರಿಂದಲೇ.

• ಒಂದಲ್ಲ, ಎರಡು ಟ್ಯೂಬ್ ಇಟ್ಟುಕೊಳ್ಳಿ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆದ ಮೇಲೇ ಹೊಸ ಟ್ಯೂಬ್ ಹಾಕಿ. ಇಲ್ಲದಿದ್ದರೆ ಅದೂ ಹೋಗುತ್ತೆ.

• ತೆಂಗಿನ ಮರದ ಕೆಳಗೆ ಸೈಕಲ್ಲೂ ಬೇಡ, ಸೆಲ್ಫಿಯೂ ಬೇಡ.

• ಆಷಾಢದಲ್ಲಿ ಗಾಳಿ ಪಶ್ಚಿಮದಿಂದ. ತಿಪಟೂರಿನಿಂದ ಪೂರ್ವಕ್ಕೆ ಹೋಗುವಾಗ ನೀವು ಚಾಂಪಿಯನ್ ಅನ್ನಿಸುತ್ತೆ. ವಾಪಸ್ ಬರುವಾಗ ನಿಜ ಗೊತ್ತಾಗುತ್ತೆ.

ಎದುರು ಗಾಳಿ

ಈಗ ನಮ್ಮ ಗುಂಪಿನಲ್ಲಿ ಒಂದು ನಿಯಮ ಇದೆ. ಯಾರ ಸೈಕಲ್ಲಿನ ಬಗ್ಗೆಯೂ ಗೇಲಿ ಇಲ್ಲ, ಮನುಷ್ಯನ ಬಗ್ಗೆ ಎಷ್ಟು ಬೇಕಾದರೂ ಮಾಡಬಹುದು. ಎರಡನೇದು, ಒಂದು ವಾರ ಯಾರಾದರೂ ಬರದಿದ್ದರೆ ಫೋನ್ ಮಾಡೋದಲ್ಲ, ಮನೆಗೇ ಹೋಗೋದು. ಹೋಗಿ ಏನೂ ಕೇಳಬೇಕಾಗಿಲ್ಲ. ಎಳನೀರು ಕುಡಿದರೆ ಸಾಕು. ನಮ್ಮ ಆಫೀಸಿನ ಐದು ದಿನದ ಹುಕುಂ ಕೊನೆಗೂ ಬಂದು, ಎರಡು ವಾರ ನಾನು ಬೆಂಗಳೂರಿನ ಪಿ.ಜಿ.ಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಬ್ಯಾಂಕಕ್ಕ ನಮ್ಮ ಮನೆಗೆ ಹೋಗಿ ಅಮ್ಮನ ಜೊತೆ ಕಾಫಿ ಕುಡಿದು ಬಂದಿದ್ದರು. ಅಮ್ಮನಿಗೆ ಈಗ ನನಗಿಂತ ಅವರ ಮೇಲೆ ನಂಬಿಕೆ ಜಾಸ್ತಿ. ಶನಿವಾರ ರಾತ್ರಿಯ ರೈಲಿಗೆ ಊರಿಗೆ ಬರೋದು, ಭಾನುವಾರ ಬೆಳಗ್ಗೆ ಕ್ರಾಸು, ಇದು ಈಗಿನ ನನ್ನ ವ್ಯವಸ್ಥೆ. ಎಷ್ಟು ದಿನ ಅಂತ ಅಪ್ಪ ಕೇಳ್ತಿರ್ತಾರೆ. ನಾನೂ ಕೇಳ್ಕೊಳ್ತಿರ್ತೀನಿ.

2025ರಲ್ಲಿ ಕೊಬ್ಬರಿ ಧಾರಣೆ ಕ್ವಿಂಟಲ್‌ಗೆ 25 ಸಾವಿರ ದಾಟಿತು. “ಇನ್ನೇನು ಅಣ್ಣ, ಕಾರೇ ತಗೊಳ್ಳಿ” ಅಂತ ಪವರು ಶುರು ಮಾಡಿದ. ಕೊಬ್ಬರಿ ಅಣ್ಣ ಬೆರಳು ಮಡಚಿ ಎಣಿಸಿದರು. ಬರದ ವರ್ಷ ಮರ ಸೊರಗಿತು. ಸೊರಗಿದ ಮರ ಮರುವರ್ಷ ಕಾಯಿ ಕಮ್ಮಿ ಬಿಟ್ಟಿತು. ಕಮ್ಮಿ ಬಿಟ್ಟ ಕಾಯಿ ಅಟ್ಟ ಹತ್ತಿ ಕೊಬ್ಬರಿಯಾಗಿ ಇಳಿಯೋದು ಈಗ. ಜೊತೆಗೆ ಕಪ್ಪು ತಲೆ ಹುಳು, ಕಾಂಡ ಸೋರುವ ರೋಗ. “ಅಟ್ಟ ಅರ್ಧ ಖಾಲಿ ಕಣಪ್ಪ. ಎಲ್ಲರ ಅಟ್ಟವೂ ಖಾಲಿ, ಅದಕ್ಕೇ ಈ ರೇಟು. ಮಾಲಿದ್ದಾಗ ಬೆಲೆ ಇಲ್ಲ, ಬೆಲೆ ಇದ್ದಾಗ ಮಾಲಿಲ್ಲ.” ಈ ಸಲ ಅವರು ಇದನ್ನು ಟೀ ಅಂಗಡಿ ಮುಂದೆಯೇ ಹೇಳಿದರು, ಎಲ್ಲರ ಮುಖ ನೋಡಿಕೊಂಡೇ. ಬಂದ ದುಡ್ಡಿನಲ್ಲಿ ತೋಟಕ್ಕೆ ಡ್ರಿಪ್ ಹಾಕಿಸಿದರು, ಮಗಳಿಗೊಂದು ಸಣ್ಣ ಸೈಕಲ್ ಕೊಡಿಸಿದರು. ಕೆಂಪು ಬಣ್ಣದ್ದು.

ಆ ಆಷಾಢದ ಒಂದು ಭಾನುವಾರ ಎಲ್ಲರೂ ಕ್ರಾಸಿನಿಂದ ತಿಪಟೂರಿನ ಕಡೆ ಬರುತ್ತಿದ್ದೆವು. ಮಕ್ಕಳ ಕ್ರೀಡಾಕೂಟಕ್ಕೆ ಮೇಷ್ಟ್ರು ಕರೆದಿದ್ದರು. ಎದುರು ಗಾಳಿ ಅಂದರೆ ತೆಂಗಿನ ಗರಿಗಳೆಲ್ಲ ನಮಗೆ ಬೆನ್ನು ಹಾಕಿಕೊಂಡ ಹಾಗೆ. ನಾನು ಬಗ್ಗಿದೆ, ಗೇರ್ ಇಳಿಸಿದೆ, ಮತ್ತೂ ಇಳಿಸಿದೆ. ಸೈಕಲ್ ನಿಂತಲ್ಲೇ ನಿಂತ ಹಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಬೆಲ್ಲು. ಇಪ್ಪತ್ತು ಕೆ.ಜಿ.ಗೂ ಮೀರಿದ ಅಟ್ಲಾಸ್ ಮೇಲೆ ನೆಟ್ಟಗೆ ಕೂತು, ಲುಂಗಿ ಮೇಲೆ ಕಟ್ಟಿ, ಒಂದೇ ಸಮ ತುಳಿಯುತ್ತಾ ಕೊಬ್ಬರಿ ಅಣ್ಣ ಮುಂದೆ ಬಂದರು.

“ಸಾಫ್ಟು, ನನ್ನ ಹಿಂದೆ ಬಾ. ಗಾಳಿ ತಡೆಯುತ್ತೆ.”

ಮುಂದಿನ ಸೈಕಲ್ಲಿನ ಮರೆಯಲ್ಲಿ ಹೋದರೆ ಹಿಂದಿನವರಿಗೆ ಶ್ರಮ ಗಣನೀಯವಾಗಿ ಕಮ್ಮಿ, ಇದು ರೇಸಿನವರೆಲ್ಲ ಬಳಸುವ ಉಪಾಯ. ಮುಂದಿನವರು ಎಷ್ಟು ನೆಟ್ಟಗೆ, ಎಷ್ಟು ಅಗಲವಾಗಿದ್ದರೆ ಮರೆ ಅಷ್ಟು ಚೆನ್ನಾಗಿ ಸಿಗುತ್ತೆ. ನಾಲ್ಕು ಗೇರ್ ಸೈಕಲ್ಲುಗಳು ಒಂದು ಅಟ್ಲಾಸಿನ ಹಿಂದೆ ಸಾಲಾಗಿ ನಿಂತವು.

“ಅಣ್ಣ, ಸ್ವಲ್ಪ ದಪ್ಪ ಆಗಿದ್ದು ಒಳ್ಳೇದಾಯ್ತು” ಅಂತ ಪವರು ಹಿಂದಿನಿಂದ ಕೂಗಿದ.

“ಮನುಷ್ಯನ ಬಗ್ಗೆ ತಾನೆ? ನಡೀಲಿ” ಅಂದರು ಕೊಬ್ಬರಿ ಅಣ್ಣ, ತಿರುಗಿ ನೋಡದೆ.